ನಮ್ಮಮ್ಮ ಹೊರಗಡೆ ಬರಲ್ಲ

ಚಪ್ಪಲಿಯ ಅಟ್ಟೆ ಉದುರುತ್ತಿದೆ, ಎಡಗಾಲಿನದು, ಹೆಜ್ಜೆ ಎತ್ತಿದ ಕಡೆಯೆಲ್ಲ ಕಪ್ಪು ಪುಡಿ, ಮೊದಲು ಕಲ್ಲೇನೋ ಸಿಕ್ಕಿಕೊಂಡಿದೆ ಅಂದುಕೊಂಡೆ, ಕಾಲೆತ್ತಿ ನೋಡಿದರೆ ಹಿಮ್ಮಡಿಯ ಹತ್ತಿರ ಅರ್ಧ ಅಟ್ಟೆಯೇ ಇಲ್ಲ, ಲಾಕ್‌ಡೌನಿಗೆ ಮುಂಚೆ ನವರಂಗ್ ಟಾಕೀಸಿನ ಹತ್ತಿರ ಆಸೆಪಟ್ಟು ಕೊಂಡದ್ದು, ಸರಿಯಾಗಿ ಹಾಕಿಯೇ ಇರಲಿಲ್ಲ, ಇಟ್ಟಲ್ಲೇ ಹೀಗಾಗಿದೆ — ನಡಿ, ನಿಲ್ಲಬೇಡ, ಹಿಂದೆ ತಿರುಗಿ ನೋಡಬೇಡ, ಗೇಟಿನಲ್ಲಿ ಯಶೋದಮ್ಮ ಇನ್ನೂ ನಿಂತಿರುತ್ತಾರೆ, ಎದುರುಮನೆಯ ಯಶೋದಮ್ಮ, ರಂಗೋಲಿ ಬಟ್ಟಲು ಕೈಯಲ್ಲೇ ಹಿಡಿದು ನನ್ನನ್ನು ಕಂಡು ಗಾಬರಿಯಾದರು, ಏನಮ್ಮಾ ವತ್ಸಲಾ, ಯಾರಿಗೇನಾಯ್ತೇ, ಆಸ್ಪತ್ರೆಗಾ, ಯಾರಿಗೂ ಏನೂ ಆಗಿಲ್ಲ ಯಶೋದಮ್ಮ, ಇಂಚರಾದು ಖೋ ಖೋ ಫೈನಲ್ ಇದೆ, ವಿಜಯನಗರದಲ್ಲಿ, ನೋಡ್ಕೊಂಡು ಬರ್ತೀನಿ, ಅಯ್ಯೋ ಒಬ್ಬಳೇನಾ, ಹೂಂ ಒಬ್ಬಳೇ — ಭಾನುವಾರ ಬೆಳಗ್ಗೆ ನಾನು ಸೀರೆಯುಟ್ಟು ಬೀದಿಗೆ ಇಳಿದರೆ ಯಾರಿಗೋ ಏನೋ ಆಗಿರಲೇಬೇಕು ಅನ್ನುವ ಹಾಗಾಗಿದೆ ನನ್ನ ಬಾಳು. ಆಗಿದೆ, ನನಗೇ ಆಗಿದೆ. ನಿನ್ನೆ ಸಂಜೆ ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ, ರೂಮಿನೊಳಗೆ ಮಗಳು ಇಂಚರಾ ಯಾವಳೋ ಗೆಳತಿಯ ಹತ್ತಿರ ಫೋನಿನಲ್ಲಿ, ಇಲ್ಲ ಕಣೇ, ಅಪ್ಪ ಬಿಟ್ಟು ಹೋಗ್ತಾರೆ ಅಷ್ಟೆ, ಅಮ್ಮನಾ, ಇಲ್ಲಪ್ಪ, ನಮ್ಮಮ್ಮ ಹೊರಗಡೆ ಬರಲ್ಲ. ಸಿಟ್ಟಿನಲ್ಲಿ ಅಂದಿದ್ದರೆ ನಾನೂ ಸಿಟ್ಟಾಗುತ್ತಿದ್ದೆ, ಅಳುತ್ತಾ ಅಂದಿದ್ದರೆ ಓಡಿಹೋಗಿ ತಬ್ಬಿಕೊಳ್ಳುತ್ತಿದ್ದೆ, ಅವಳು ಅಂದದ್ದು ನಮ್ಮಮ್ಮ ಬದನೆಕಾಯಿ ತಿನ್ನಲ್ಲ ಅನ್ನುವಷ್ಟು ಹಗುರವಾಗಿ, ಬೇಸರವೂ ಇರಲಿಲ್ಲ ಆ ದನಿಯಲ್ಲಿ, ಹದಿನಾಲ್ಕು ವರ್ಷದ ಹುಡುಗಿ ಬೇಸರಪಡುವುದನ್ನೇ ಬಿಟ್ಟಿದ್ದಾಳೆ ಅಂದರೆ ಎಷ್ಟು ದಿನ ಬೇಸರಪಟ್ಟಿರಬೇಕು, ಕೈಯಲ್ಲಿದ್ದ ಅವಳ ಟೀ ಶರ್ಟನ್ನು ಮಡಿಸಿದ್ದನ್ನೇ ಮತ್ತೆ ಬಿಡಿಸಿ ಮತ್ತೆ ಮಡಿಸಿದೆ.

ಭಯ ಅಲ್ಲ. ಎಲ್ಲರೂ ಭಯ ಅಂದುಕೊಂಡಿದ್ದಾರೆ, ನನ್ನ ಗಂಡ ವೆಂಕಟಗಿರಿ ಕೂಡ, ಪಾಪ, ನೀನ್ಯಾಕೆ ಬಿಸಿಲಲ್ಲಿ ಬರ್ತೀಯ ಬಿಡು, ನಾನೇ ತರ್ತೀನಿ, ಹೀಗೆ ಒಂದೊಂದಾಗಿ ಬೀದಿಯ ಕೆಲಸವನ್ನೆಲ್ಲ ತಾವೇ ಹೊತ್ತುಕೊಂಡರು, ಪ್ರೀತಿಯಿಂದಲೇ — ಮೊದಲ ಲಾಕ್‌ಡೌನಿನಲ್ಲಿ ಭಯವಿತ್ತು ನಿಜ, ಹಾಲಿನ ಪ್ಯಾಕೆಟ್ಟಿಗೂ ಸೋಪು ಹಾಕಿ ತೊಳೆದೆ, ಎರಡನೆಯದರಲ್ಲಿ ಮಾಗಡಿ ರಸ್ತೆಯ ಕಡೆಯಿಂದ ಆಂಬುಲೆನ್ಸಿನ ಸದ್ದು ಬಂದಾಗಲೆಲ್ಲ ಕಿಟಕಿ ಮುಚ್ಚಿದೆ, ಆಮೇಲೆ ಎಲ್ಲ ತೆರೆಯಿತು, ಬಸ್ಸು, ಸಿನಿಮಾ, ಮದುವೆಮನೆ, ಎಲ್ಲರೂ ಮುಗಿಬಿದ್ದು ಹೊರಗೆ ಓಡಿದರು, ನಾನು ಇವತ್ತು ಬೇಡ ನಾಳೆ ಅಂದೆ. ರಾಜಾಜಿನಗರದ ನಮ್ಮ ಆಡಿಟರ್ ಆಫೀಸಿನವರು ಬಾಡಿಗೆ ಜಾಗ ಬಿಟ್ಟುಕೊಟ್ಟು ಇನ್ನು ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಅಂದರು, ತರಕಾರಿ ಫೋನಿನಲ್ಲಿ ಬಂತು, ಔಷಧಿ ಬಂತು, ಸೀರೆ ಬಂತು, ನಾದಿನಿಯ ಗೃಹಪ್ರವೇಶವೂ ಫೋನಿನಲ್ಲೇ ಬಂತು, ಹೋಗಬೇಕು ಅನ್ನಿಸುವುದೇ ನಿಂತುಹೋಯಿತು, ಜ್ವರದಲ್ಲಿ ಹಸಿವು ನಿಲ್ಲುವ ಹಾಗೆ, ಹಸಿವೇ ಇಲ್ಲದವರಿಗೆ ಉಪವಾಸ ಇದ್ದೇನೆ ಅಂತ ಗೊತ್ತಾಗುವುದಾದರೂ ಹೇಗೆ. ಇದೇ ನಾನು ಶನಿವಾರ ಆಫೀಸು ಬಿಟ್ಟ ಮೇಲೆ ಏನೂ ಕೆಲಸವಿಲ್ಲದೆ ಕೆಂಗೇರಿ ಬಸ್ಸು ಹತ್ತುತ್ತಿದ್ದವಳು, ಕಿಟಕಿಯ ಪಕ್ಕ ಕೂತು, ಕೊನೆಯ ಸ್ಟಾಪಿನಲ್ಲಿ ಟೀ ಕುಡಿದು, ಅದೇ ಬಸ್ಸಿನಲ್ಲಿ ವಾಪಸ್ಸು ಬಂದು, ಎಲ್ಲಿ ಹೋಗಿದ್ದೆ ಅಂತ ಕೇಳಿದರೆ ಎಲ್ಲೂ ಇಲ್ಲ ಅಂತ ನಗುತ್ತಿದ್ದವಳು.

ಹಾವನೂರು ಸರ್ಕಲ್ ಇನ್ನೂ ದೂರ, ಅಷ್ಟರಲ್ಲಿ ಬಲಗಾಲಿನದೂ ಹೋಯಿತು, ಅಟ್ಟೆ ಪೂರ್ತಿ ಕಳಚಿಕೊಂಡು ನಾಲಿಗೆಯ ಹಾಗೆ ಜೋತುಬಿದ್ದಿದೆ, ಕರೆಂಟ್ ಕಂಬ ಹಿಡಿದು ನಿಂತೆ, ಹೀಗೆ ಹೇಗೆ ಹೋಗುವುದು, ಅಂಗಡಿಗಳೂ ಇನ್ನೂ ತೆರೆದಿಲ್ಲ, ವಾಪಸ್ಸು ಹೋಗಿ ಬೇರೆ ಚಪ್ಪಲಿ ನೋಡಬೇಕು, ಮನೆಯಲ್ಲಿ ಹಾಕುವ ಹವಾಯಿ ಒಂದಿದೆ, ಅಷ್ಟರಲ್ಲಿ ಮ್ಯಾಚು ಮುಗಿದೇ ಹೋಗಿರುತ್ತದೆ, ಮತ್ತೆ ಹೊರಡುವುದರಲ್ಲಿ ಏನರ್ಥ, ಮುಂದಿನ ಸಲ ಹೋದರಾಯಿತು, ಖಂಡಿತ ಹೋಗೋಣ — ಎದೆಯೊಳಗೆ ಎಷ್ಟು ಹಾಯಾಯಿತು, ಬಿಸಿ ಕಾಫಿ ಇಳಿದ ಹಾಗೆ, ಕಾಲು ಆಗಲೇ ಮನೆಯ ಕಡೆ ತಿರುಗಿಯಾಗಿತ್ತು, ಆ ಹಾಯಿಯನ್ನು ನಾನು ಬಲ್ಲೆ, ಪ್ರತಿ ಸಲ ಹೀಗೇ ಬಂದು ಬೆನ್ನು ಸವರಿ ಒಳಗೆ ಕರೆದುಕೊಂಡು ಹೋಗಿ ಕೂರಿಸಿದೆ, ನಮ್ಮಮ್ಮ ಹೊರಗಡೆ ಬರಲ್ಲ, ಬಗ್ಗಿದೆ, ಪಟ್ಟಿ ಬಿಚ್ಚಿದೆ, ಎರಡೂ ಚಪ್ಪಲಿ ಕೈಯಲ್ಲಿ ಎತ್ತಿಕೊಂಡು ಪಕ್ಕದ ಕಸದ ಗುಡ್ಡೆಗೆ ಎಸೆದೆ. ಅಮ್ಮಾ, ನೆಲ ಎಷ್ಟು ತಣ್ಣಗಿದೆ, ಫುಟ್‌ಪಾತಿನ ಕಲ್ಲು, ಆಮೇಲೆ ಮರಳು, ಉದುರಿದ ಹೊಂಗೆ ಹೂವಿನ ಮೆತ್ತೆ, ಯಾರೋ ಕಾರು ತೊಳೆದ ನೀರು, ಅಂಗಾಲಿಗೆ ಒಂದೊಂದೂ ಬೇರೆ ಬೇರೆಯಾಗಿ ಸಿಗುತ್ತಿದೆ, ತಿರುವಿನ ಹೋಟೆಲಿನಿಂದ ವಡೆ ಕರಿಯುವ ವಾಸನೆ, ವಡೆಯ ವಾಸನೆಗೆ ಬಾಯಲ್ಲಿ ನೀರೂರಿತಲ್ಲ, ಆಟೋ, ಏ ಆಟೋ, ವಿಜಯನಗರ ಬರ್ತೀರಾ, ಬನ್ನಿ ಅಕ್ಕ, ಡ್ರೈವರು ಕನ್ನಡಿಯಲ್ಲಿ ನನ್ನ ಕಾಲು ನೋಡಿದ, ಯಾವ ದೇವಸ್ಥಾನದ ಹತ್ರ ನಿಲ್ಲಿಸ್ಲಿ, ದೇವಸ್ಥಾನಕ್ಕಲ್ಲಪ್ಪ, ಖೋ ಖೋ ಮ್ಯಾಚಿಗೆ, ಗ್ರೌಂಡಿನ ಹತ್ರ, ಓ, ಬರಿಗಾಲಲ್ಲಿ ಇದೀರಲ್ಲ, ನೀವೂ ಆಡ್ತೀರಾ ಹಂಗಾದ್ರೆ, ನಕ್ಕೆ, ಜೋರಾಗಿ ನಕ್ಕೆ, ಮಾಗಡಿ ರಸ್ತೆ ದಾಟುವಾಗ ಗಾಳಿ ಒಳಗೆ ನುಗ್ಗಿ ಸೆರಗು ಮುಖಕ್ಕೆ ಬಡಿಯಿತು, ಬಡಿಯಲಿ ಅಂತ ಬಿಟ್ಟೆ.

ಕೆಂಪು ಧೂಳು, ಪೀಪಿ, ಕೂಗಾಟ, ಗ್ರೌಂಡಿನ ಸುತ್ತ ಅಪ್ಪಂದಿರು ಅಮ್ಮಂದಿರು, ಮಗಳು ಎಲ್ಲಿ, ಸಾಲಿನಲ್ಲಿ ಕೂತ ನೀಲಿ ಬನಿಯನ್ನುಗಳಲ್ಲಿ ಮೂರನೆಯವಳು, ಅವಳೇ, ಒಂದು ಮಂಡಿ ಎತ್ತಿ ಬೆರಳು ನೆಲಕ್ಕೂರಿ, ಮನೆಯಲ್ಲಿ ಸೋಫಾದ ಮೇಲೆ ಸೊಟ್ಟಗೆ ಬಿದ್ದಿರುವವಳು ಇವಳೇನಾ, ಒಂದು ಸಲ ಕತ್ತೆತ್ತಿದಳು, ಅವಳ ಕಣ್ಣು ನನ್ನ ಮೇಲೆ ಹಾದು ಮುಂದಕ್ಕೆ ಹೋಯಿತು, ಯಾರೋ ಆಂಟಿ ಅಂದುಕೊಂಡಿರಬೇಕು — ಆಮೇಲೆ ಕಣ್ಣು ವಾಪಸ್ಸು ಬಂತು. ನಿಂತಿತು. ಬಾಯಿ ತೆರೆಯಿತು. ಪಕ್ಕದಲ್ಲಿದ್ದವರು ತಿರುಗಿ ಕೇಳಿದರು, ಇಂಚರಾ ಅಮ್ಮನಾ ನೀವು, ನಾನು ಹನುಮೇಶ ಅಂತ, ಕೋಚು, ಹೆಂಗಿದೀರಾ ಮೇಡಂ ಈಗ, ಎದ್ದು ಓಡಾಡೋ ಹಂಗಾದ್ರಾ, ನನಗೆ ಅರ್ಥವಾಗಲಿಲ್ಲ, ಏನು ಸಾರ್, ಅದೇ ನಿಮ್ಮ ಬೆನ್ನಿಂದು, ಪಾಪ ಯಾವಾಗ ಕೇಳಿದ್ರೂ ಹೇಳೋಳು, ಅಮ್ಮಂಗೆ ಬೆನ್ನು ಸರಿಯಿಲ್ಲ ಸಾರ್, ಬರಬೇಕು ಅಂತ ತುಂಬಾ ಆಸೆ ಅವರಿಗೆ, ಆಗಲ್ಲ ಅಷ್ಟೆ. ಆಸೆ. ನನಗಿಲ್ಲದ ಆಸೆಯನ್ನು ಇವಳು ಊರಿಗೆಲ್ಲ ನನ್ನ ಹೆಸರಿನಲ್ಲಿ ಹೇಳಿಕೊಂಡು ಬಂದಿದ್ದಾಳೆ, ಒಂದು ಕಾಯಿಲೆಯನ್ನೂ ಕಟ್ಟಿಕೊಟ್ಟು ನನ್ನ ಮಾನ ಉಳಿಸಿದ್ದಾಳೆ, ಬೆನ್ನು ನೆಟ್ಟಗೆ ಮಾಡಿಕೊಂಡೆ, ವಾಸಿಯಾಯ್ತು ಸಾರ್, ಪೂರ್ತಿ ವಾಸಿಯಾಯ್ತು, ಹಾಗಾದ್ರೆ ಕೂಗಿ ಮೇಡಂ, ಕೊನೇ ನಿಮಿಷ, ಆ ಕಡೆಯವರಲ್ಲಿ ಒಬ್ಬಳು ಉಳ್ಕೊಂಡವ್ಳೆ, ಅವಳನ್ನ ಮುಟ್ಟಿದ್ರೆ ಕಪ್ ನಮ್ದು, ಇಲ್ಲಾಂದ್ರೆ ಅವರದು. ಉಳಿದವಳು ತೆಳ್ಳಗಿನ ಹುಡುಗಿ, ಹಾವಿನ ಹಾಗೆ ಸಾಲಿನ ಸಂದಿಗಳಲ್ಲಿ ನುಸುಳುತ್ತಾಳೆ, ಖೋ, ಖೋ, ಒಬ್ಬಳು ಎದ್ದಳು, ಇನ್ನೊಬ್ಬಳು ಕೂತಳು, ಸಿಗಲಿಲ್ಲ, ಮತ್ತೆ ಖೋ, ಬೆನ್ನಿಗೆ ತಟ್ಟಿದ್ದು ನನ್ನ ಮಗಳಿಗೆ, ಎದ್ದಳು, ಓಡಿದಳು, ಇಂಚರಾ, ಯಾರು ಹಾಗೆ ಕೂಗುತ್ತಿರುವುದು, ನಾನೇ, ಇಂಚರಾ ಓಡೇ, ಬಿಡಬೇಡ ಕಣೇ, ಮುಟ್ಟೇ ಅವಳನ್ನ, ನನ್ನ ಗಂಟಲಿನಲ್ಲಿ ಇಷ್ಟು ದೊಡ್ಡ ದನಿ ಎಲ್ಲಿತ್ತು, ತೆಳ್ಳಗಿನ ಹುಡುಗಿ ಕೊನೆಯ ಕಂಬ ಬಳಸಿ ತಿರುಗಿದಳು, ತಪ್ಪಿಸಿಕೊಂಡಳು, ಇಲ್ಲ, ನನ್ನವಳು ಒಂದು ಕೈಯಲ್ಲಿ ಕಂಬ ಹಿಡಿದು ನೆಲ ಬಿಟ್ಟಳು —

ಆಮೇಲೆ ಪೀಪಿ ಊದಿದರು, ಹನುಮೇಶ ನನ್ನ ಕೈ ಹಿಡಿದು ಕುಲುಕಿದರು, ನೀಲಿ ಬನಿಯನ್ನುಗಳೆಲ್ಲ ಒಂದರ ಮೇಲೊಂದು ಬಿದ್ದವು, ಅದರೊಳಗಿಂದ ಮೊಣಕೈ ತರಚಿಕೊಂಡು ಹಲ್ಲಿಗೆಲ್ಲ ಧೂಳು ಮೆತ್ತಿಕೊಂಡು ಅವಳು ಬಂದಳು, ಅಮ್ಮಾ, ಚಪ್ಪಲಿ ಎಲ್ಲಿ, ಅಷ್ಟೇ ಕೇಳಿದ್ದು, ಆಮೇಲೆ ನನ್ನ ಕುತ್ತಿಗೆಗೆ ಬಿದ್ದಳು, ಕೋಚ್ ಕಡೆ ಕಳ್ಳನೋಟ ಬೀರಿ ಕಿವಿಯಲ್ಲಿ, ಅಮ್ಮ, ನಿಂಗೆ ಬೆನ್ನುನೋವು ಇತ್ತು, ಗೊತ್ತಾಯ್ತಾ, ಹೂಂ ಕಣೇ ಗೊತ್ತಾಯ್ತು, ಇಬ್ಬರೂ ಅಲ್ಲೇ ಕುಸಿದು ನಕ್ಕೆವು. ಕರೆದುಕೊಂಡು ಹೋಗಲು ಬಂದ ವೆಂಕಟಗಿರಿ ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ನಿಂತರು, ವತ್ಸಲಾ, ನೀನೇನೇ ಇಲ್ಲಿ, ಹೇಗೆ ಬಂದೆ, ಆಟೋದಲ್ಲಿ ರೀ, ಸರಿ ಬಾ, ಸುಸ್ತಾಗಿರುತ್ತೆ, ಮನೆಗೆ ಬಿಡ್ತೀನಿ, ಬೇಡ ಅಂದೆ. ಬೇಡ ರೀ, ನಂಗೆ ವಡೆ ತಿನ್ಬೇಕು, ಆಮೇಲೆ ಚಪ್ಪಲಿ ತಗೋಬೇಕು, ಬೇಕು ಅನ್ನುವ ಮಾತು ನನ್ನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು, ಆಮೇಲೆ ನಾವಿಬ್ಬರೂ ಎಲ್ಲಿಗಾದ್ರೂ ಹೋಗ್ತೀವಿ, ನೀವು ಗಾಡಿಯಲ್ಲಿ ಮನೆಗೆ ಹೋಗಿ ಅನ್ನಕ್ಕಿಡಿ, ಎಲ್ಲಿಗಮ್ಮಾ, ಬಸ್ಸು ಎಲ್ಲಿಗೆ ಹೋಗತ್ತೋ ಅಲ್ಲಿಗೆ, ಮಗಳ ಅಂಟುವ ಧೂಳಿನ ಕೈ ನನ್ನ ಕೈಯೊಳಗೆ, ರಸ್ತೆ ಕಾದಿದೆ, ಅಂಗಾಲು ಚುರುಗುಟ್ಟುತ್ತಿದೆ, ಬಸ್ಸುಗಳು ಹಾರ್ನು ಹೊಡೆಯುತ್ತಿವೆ, ಅವಳು ಏನೋ ಹೇಳುತ್ತಿದ್ದಾಳೆ, ಅಮ್ಮ ನೋಡಿದ್ಯಾ, ಆ ಡೈವ್ ನೋಡಿದ್ಯಾ, ನೋಡಿದೆ, ನೋಡುತ್ತಲೇ ಇದ್ದೇನೆ, ಕೇಳುತ್ತಿಲ್ಲ ಏನೂ, ಕಂಬ ಹಿಡಿದ ಎಡಗೈ, ಮಣ್ಣಿಗೆ ಅಡ್ಡವಾಗಿ ಗಾಳಿಯಲ್ಲಿ ಮಲಗಿದ ನನ್ನ ಮಗಳು, ನೆಲ ಬಿಟ್ಟ ಎರಡೂ ಕಾಲು, ಚಾಚಿದ ಬಲಗೈ, ಬೀಳುವುದಿಲ್ಲ ಅವಳು, ಚಾಚಿದ ಬಲಗೈ, ಬೆರಳ ತುದಿ —