ಬಸ್ ಮಾಮನಿಗೆ ಕೊಟ್ಟ ಎರಡು ಟಿಕೆಟ್

ಇಪ್ಪತ್ತಾರು ವರ್ಷ ಒಂದು ಗೀರೂ ಬೀಳದಂತೆ ಶಾಲೆಯ ಬಸ್ಸು ಓಡಿಸಿದ್ದಕ್ಕೆ ಅಪ್ಪನಿಗೆ ಸಿಕ್ಕ ಬಹುಮಾನ, ಟೆನಿಸ್ ಪಂದ್ಯದ ಎರಡು ಟಿಕೆಟ್. ಹೆಡ್‌ಮಿಸ್ಸಿನ ಗಂಡನಿಗೆ ಆ ದಿನ ಬೇರೇನೋ ಕೆಲಸ ಬಂದಿದ್ದರಿಂದ ಈ ಗೌರವ ಒದಗಿತೆಂದು ಮಗಳಿಗೆ ಒಳಗೊಳಗೇ ಅನುಮಾನ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಕೆಟ್ಟವಳಲ್ಲ ಅವಳು. ಭಾನುವಾರ ಅವಳು ಏಳುವಷ್ಟರಲ್ಲಿ ಅಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಷೂ ಹಾಕಿಕೊಂಡು ಬಾಗಿಲ ಬಳಿ ಕುಳಿತಾಗಿತ್ತು.

ಅಮ್ಮ ಹೋದ ಮೇಲೆ ಅಪ್ಪನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಬಸ್ಸೊಂದೇ. ನಲವತ್ತೊಂದು ಮಕ್ಕಳು ಅವನನ್ನು ಬಸ್ ಮಾಮ ಎನ್ನುತ್ತಿದ್ದರು. ನಿವೃತ್ತಿಗೆ ಇನ್ನು ಎಂಟು ತಿಂಗಳಿರುವಾಗ ಶಾಲೆಯವರು ಹೊಸ ನಿಯಮ ತಂದರು: ಡ್ರೈವರುಗಳೆಲ್ಲ ಕಣ್ಣಿನ ಸರ್ಟಿಫಿಕೇಟು ಕೊಡಬೇಕು. ಮಗಳು ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಯಾಕೆ ಅಲೆಯಬೇಕು? ಹತ್ತು ದಿನದ ಹಿಂದೆ ಅಪ್ಪ ಅವಳ ಕೋಣೆಯ ಸ್ಟೂಲಿನ ಮೇಲೆ ಕುಳಿತು, ಗೋಡೆಯ ಹಲಗೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. ದೃಷ್ಟಿ ಸರಿಯಿದೆ ಎಂದು ಅವಳು ಬರೆದಳು. ಅವಳು ಬರೆದದ್ದರ ಕೆಳಗೆ ಡಾಕ್ಟರು ಎಂದಿನಂತೆ ಸಹಿ ಹಾಕಿದರು. ಕಾಗದ ಶಾಲೆಯ ಫೈಲು ಸೇರಿತು.

ಕ್ರೀಡಾಂಗಣಕ್ಕೆ ಟೌನ್ ಬಸ್ಸಿನಲ್ಲಿ ಹೋದರು. ಆ ಡ್ರೈವರ್ ಗೇರು ಹಾಕುವುದನ್ನು ಕೇಳಿಯೇ ಅಪ್ಪ ಅವನ ಜಾತಕ ಬಿಡಿಸಿಟ್ಟ. ಇವನು ಇನ್ನು ಆರು ತಿಂಗಳಲ್ಲಿ ಕ್ಲಚ್ಚು ತಿಂದು ಹಾಕುತ್ತಾನಂತೆ. ಮಗಳು ನಕ್ಕಳು. ಸೀಟು ಸಿಕ್ಕಿದ್ದು ಮೇಲಿನ ಸಾಲಿನಲ್ಲಿ, ಸುಡುವ ಬಿಸಿಲಲ್ಲಿ. ಕೆಳಗೆ ಬಿಳಿ ಟೊಪ್ಪಿಗೆಯ, ಎತ್ತರದ, ಎಡಗೈ ಆಟಗಾರ ಸರ್ವ್ ಮಾಡುತ್ತಿದ್ದ. ಆಚೆ ನೀಲಿ ಅಂಗಿಯ ಗಿಡ್ಡ ಆಸಾಮಿ, ಸಿಗದ ಚೆಂಡಿಗೂ ಪ್ರಾಣ ಹೋಗುವಂತೆ ಓಡುತ್ತಿದ್ದ. ಅಪ್ಪನಿಗೆ ಗಿಡ್ಡನ ಮೇಲೆ ಪ್ರೀತಿ. ಅವನು ಓಡಿದಾಗಲೆಲ್ಲ ಅಪ್ಪನ ಕಾಲು ಕೆಳಗಿನ ಹಲಗೆಯನ್ನು ಒತ್ತುತ್ತಿತ್ತು, ಬ್ರೇಕು ಇದ್ದಲ್ಲಿ ಒತ್ತುವ ಹಾಗೆ. ಬಹಳ ದಿನದ ಮೇಲೆ ಮಗಳಿಗೆ ಸುಖವೆನಿಸಿತು.

ಟೆನಿಸ್ ನೋಡುವ ಜನರನ್ನು ನೋಡುವುದೇ ಒಂದು ಮೋಜು. ಸಾವಿರಾರು ತಲೆ ಒಟ್ಟಿಗೆ ಆ ಕಡೆ, ಒಟ್ಟಿಗೆ ಈ ಕಡೆ. ಅಪ್ಪನ ತಲೆ ಮಾತ್ರ ಕೂದಲೆಳೆಯಷ್ಟು ತಡವಾಗಿ ಹೊರಳುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡಳು. ಆಮೇಲೆ ಎಡಗೈಯವನು ಚೆಂಡನ್ನು ಮೇಲಕ್ಕೆಸೆದು, ಅದು ಸರಿಬಾರದೆ, ಹೊಡೆಯದೆ ಕೈಯಲ್ಲೇ ಹಿಡಿದುಕೊಂಡ. ಒಂದು ತಲೆಯೂ ಅಲುಗಲಿಲ್ಲ. ಅಪ್ಪನ ತಲೆ ಮಾತ್ರ, ಮೇಲೆತ್ತಿದ ಕೈಯ ಲೆಕ್ಕದ ಮೇಲೆ, ಗಿಡ್ಡನ ಕಡೆ ಹೊರಳಿ, ಹೊಡೆದೇ ಇರದ ಚೆಂಡಿಗಾಗಿ ಕಾಯುತ್ತಿತ್ತು.

ಅವಳು ಆಟ ಬಿಟ್ಟು ಅಪ್ಪನನ್ನೇ ನೋಡತೊಡಗಿದಳು.

ಆದರೂ ಕಣ್ಣಾಸ್ಪತ್ರೆಯವಳು, ಒಂದೇ ಲಕ್ಷಣಕ್ಕೆ ತೀರ್ಪು ಕೊಡುವುದಿಲ್ಲ. ಸ್ಕೋರ್ ಎಷ್ಟೆಂದು ಕೇಳಿದಳು. ಅಪ್ಪ ಸರಿಯಾಗಿಯೇ ಹೇಳಿದ. ಅಂಪೈರು ಆಗಷ್ಟೇ ಮೈಕಿನಲ್ಲಿ ಕೂಗಿದ್ದ. ಎದುರಿನ ದೊಡ್ಡ ಗಡಿಯಾರದಲ್ಲಿ ಗಂಟೆ ಎಷ್ಟೆಂದು ಕೇಳಿದಳು. ನಿನ್ನ ಕೈಯಲ್ಲೇ ವಾಚಿದೆಯಲ್ಲ, ಅದೇನು ಶೋಕಿಗಾ ಎಂದ. ಪಕ್ಕದವರು ನಕ್ಕರು. ಅವಳು ನಗಲಿಲ್ಲ.

"ಅಪ್ಪ, ಚೆಂಡು ಕಾಣ್ಸುತ್ತಾ ನಿಂಗೆ?"

ಅಪ್ಪ ಆ ಗೇಮು ಮುಗಿಯುವವರೆಗೂ ಅಂಕಣದ ಕಡೆಗೇ ಮುಖ ಇಟ್ಟುಕೊಂಡಿದ್ದ. ಆಟಗಾರರು ಕುರ್ಚಿಗೆ ಹೋಗಿ ಟವೆಲು ತೆಗೆದುಕೊಂಡ ಮೇಲೆ, ಮೆಲ್ಲನೆ, ಯಾರದೋ ವಿಷಯ ಹೇಳುವಂತೆ ಹೇಳಿದ. ಎರಡು ವರ್ಷವಾಯಿತು. ನೋಡಿದ ಕಡೆ ನಡುವೆ ಒಂದು ಮಬ್ಬು ಬಂದು ಕೂರುತ್ತದೆ, ಸುತ್ತಲಿನದೆಲ್ಲ ಕಾಣುತ್ತದೆ. ಬಸ್ಸಿನದೇನೂ ತೊಂದರೆಯಿಲ್ಲ. ದಾರಿ ಬಾಯಿಪಾಠ. ಮಕ್ಕಳ ದನಿ ಒಂದೊಂದೂ ಗೊತ್ತು. ಎಲ್ಲರೂ ಇಳಿದರೆ ಆಯಾ ಹಿಂದಿನಿಂದ ರೈಟ್ ಎನ್ನುತ್ತಾಳೆ.

"ದಾರಿ ಬಾಯಿಪಾಠ ಸರಿ ಅಪ್ಪ. ದಾರಿಗೆ ಅಡ್ಡ ಓಡಿಬರೋ ಮಗು ಬಾಯಿಪಾಠನಾ?"

"ಇಪ್ಪತ್ತಾರು ವರ್ಷ ಒಂದು ಗೀರೂ ಬಿದ್ದಿಲ್ಲ."

"ಬೀಳೋವರೆಗೂ ಯಾರಿಗೂ ಬಿದ್ದಿರಲ್ಲ."

ಹಾಗಾದರೆ ಅಂದು ಹಲಗೆ ಓದಿದ್ದು ಹೇಗೆಂದು ಕೇಳಿದಳು. ಅದರಲ್ಲೇನಿದೆ ಎಂದ. ಶನಿವಾರ ಶನಿವಾರ ಅವಳನ್ನು ಕರೆದೊಯ್ಯಲು ಬಂದು, ಕೆಲಸ ಮುಗಿಯುವವರೆಗೂ ಅದೇ ಸ್ಟೂಲಿನ ಮೇಲೆ ಕೂತು, ಕಣ್ಣು ನೆಟ್ಟಗಿದ್ದ ಕಾಲದಲ್ಲಿ ಆ ಸಾಲುಗಳನ್ನು ನೂರು ಸಲ ಓದಿದ್ದ. ಹೇಳಿ ಮುಗಿಸಿ ಅವಳ ಕಡೆ ತಿರುಗಿದ. ಅವಳ ಮುಖವನ್ನು ಕಣ್ಣಿನ ಅಂಚಿನಲ್ಲಿ ಹಿಡಿಯಲು ಕತ್ತನ್ನು ಸ್ವಲ್ಪ ಓರೆ ಮಾಡಿದ.

"ಅದಿರಲಿ ಪುಟ್ಟಿ, ಅವತ್ತು ನೀನ್ಯಾಕೆ ಹಲಗೆ ತಿರುಗಿಸ್ಲಿಲ್ಲ?"

ಹಲಗೆಗೆ ಎರಡು ಮಗ್ಗುಲು. ಒಂದು ಕಣ್ಣಿನದು ಮುಗಿದ ಮೇಲೆ ತಿರುಗಿಸಿ, ಬೇರೆ ಅಕ್ಷರ ತೋರಿಸಿ, ಇನ್ನೊಂದನ್ನು ಪರೀಕ್ಷಿಸಬೇಕು. ಇಲ್ಲದಿದ್ದರೆ ಜನ ನೆನಪಿನಿಂದ ಹೇಳಿಬಿಡುತ್ತಾರೆ. ಹನ್ನೊಂದು ವರ್ಷದ ಕೆಲಸದಲ್ಲಿ ಅವಳು ತಿರುಗಿಸದೆ ಬಿಟ್ಟದ್ದು ಅದೊಂದೇ ಸಲ. ಮರೆತು ಬಿಟ್ಟದ್ದಲ್ಲ. ಆ ವಾರವಷ್ಟೇ ಅಪ್ಪ ಲೋಟಕ್ಕೆ ಹಾಕಬೇಕಾದ ಬಿಸಿನೀರನ್ನು ಪಕ್ಕಕ್ಕೆ ಮೇಜಿನ ಮೇಲೆ ಸುರಿದು, ಲೋಟ ಸೋರುತ್ತದೆ ಎಂದಿದ್ದ. ಅವಳು ಏನೂ ಕೇಳದೆ ಮೇಜು ಒರೆಸಿದ್ದಳು. ಬಸ್ಸಿಲ್ಲದ ಅಪ್ಪನನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ನಲವತ್ತೊಂದು ಮಕ್ಕಳನ್ನು ಆ ಬಸ್ಸು ಹತ್ತಿಸುವ ಧೈರ್ಯ ಮಾತ್ರ ಹೇಗೋ ಬಂದುಬಿಟ್ಟಿತ್ತು. ಅದನ್ನು ನೆನೆದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಇನ್ನು ಎಂಟೇ ತಿಂಗಳು ಎಂದ ಅಪ್ಪ. ಬೇಡಿಕೊಳ್ಳುವ ದನಿ ಅವನಿಗೆ ಬಾರದು, ಆದರೂ ಅದು ಬೇಡಿಕೆಯೇ. ಅವಳು ಫೋನ್ ತೆಗೆದಳು. ಅಪ್ಪ ತಡೆಯಲಿಲ್ಲ.

ಹೆಡ್‌ಮಿಸ್ಸು ಎತ್ತಿದವರೇ ಆಟ ಹೇಗಿದೆ, ಅಪ್ಪನಿಗೆ ಖುಷಿಯಾಯಿತಾ ಎಂದು ವಿಚಾರಿಸಿದರು.

"ಮೇಡಂ, ನಾಳೆಯಿಂದ ಅಪ್ಪನ ಕೈಗೆ ಬಸ್ ಕೊಡ್ಬೇಡಿ. ಅವರಿಗೆ ಕಣ್ಣು ಕಾಣಲ್ಲ."

ಆ ಕಡೆಯಿಂದ, ಸರ್ಟಿಫಿಕೇಟು ಬರೆದುಕೊಟ್ಟವರು ನೀವೇ ಅಲ್ಲವೇ ಎಂಬ ಪ್ರಶ್ನೆ ಬಂತು. ಅದು ಪಕ್ಕದ ಸೀಟಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು. ಹೌದು, ಗೊತ್ತಿದ್ದೇ ಬರೆದೆ ಎನ್ನಬೇಕು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ತಡಕಾಡಿ ಅವಳ ಮಣಿಕಟ್ಟು ಹಿಡಿದು, ಬೆರಳುಗಳಿಂದ ಫೋನ್ ಬಿಡಿಸಿಕೊಂಡ.

"ಮೇಡಂ, ನಾನೇ. ಬೋರ್ಡ್ ಪೂರ್ತಿ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಆ ಹುಡುಗಿಗೆ ಏನೂ ಗೊತ್ತಿಲ್ಲ. ಮೋಸ ಮಾಡಿದ್ದು ನಾನು."

ಕೆಳಗೆ ಗಿಡ್ಡನೇ ಪಾಯಿಂಟ್ ಗೆದ್ದನೋ ಏನೋ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆ ಗದ್ದಲದಲ್ಲಿ ಅಪ್ಪ ಕಿವಿಗೆ ಫೋನ್ ಒತ್ತಿ ಹಿಡಿದು, ಹೂಂ ಮೇಡಂ, ತಪ್ಪಾಯ್ತು ಮೇಡಂ ಎನ್ನುತ್ತಾ ತಲೆ ಬಗ್ಗಿಸಿ ಕೂತಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನು ಆ ಮಾತು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಫೋನ್ ತಿರುಗಿ ಇಸಿದುಕೊಂಡು ನಿಜ ಹೇಳಲು ಮಗಳಿಗೆ ಬೇಕಾದಷ್ಟು ಹೊತ್ತಿತ್ತು. ಅವಳು ಕೈ ಚಾಚಲಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆಗೆ ಅವಳ ಡ್ಯೂಟಿ ಇತ್ತು. ಶಾಲೆಯ ಉಳಿದ ಡ್ರೈವರುಗಳು ಅವಳ ಹತ್ತಿರವೇ ಕಣ್ಣಿನ ಪರೀಕ್ಷೆಗೆ ಬರುವವರಿದ್ದರು.