ಆರನೇ ಹೆಸರು

"ಅಕ್ಕ, ಈ ಸೀಟು ಇನ್ನೂ ಹಿಂದಕ್ಕೆ ಹೋಗಲ್ವಾ?" ದಾಬಿಯ ಮೊಣಕಾಲುಗಳು ಎದುರಿನ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡಿದ್ದವು.

"ಹಿಂದೆಲ್ಲ ನಿನ್ನ ಸಾಮಾನೇ ತುಂಬಿದೆಯಲ್ಲೇ. ಮೂರು ವರ್ಷಕ್ಕೆ ಇಷ್ಟೊಂದು ಹೇಗೆ ಗುಡ್ಡೆ ಹಾಕಿದೆ?"

"ಅರ್ಧ ನೀವು ಕೊಟ್ಟಿದ್ದೇ. ಜಾಕೆಟ್ಟು, ಮಂಡಿಪಟ್ಟಿ, ಆ ಹಳೇ ಅನ್ನದ ಕುಕ್ಕರು. ಈಗ ಲೆಕ್ಕ ಕೇಳಬೇಡಿ."

ಹೆರಾನ್ ನಕ್ಕಳು. ನಕ್ಕಿದ್ದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿ ಕನ್ನಡಿ ಸರಿಪಡಿಸುವ ನೆಪದಲ್ಲಿ ಮುಖ ತಿರುಗಿಸಿದಳು. ಚೊಂಗ್ಜು ಊರು ಹಿಂದೆ ಸರಿಯುತ್ತಿತ್ತು. ರಸ್ತೆ ಬದಿಯ ಚೆರ್ರಿ ಮರಗಳ ಹೂವು ಉದುರಿ, ನೆನೆದು, ಚರಂಡಿಯಂಚಿಗೆ ಅಂಟಿಕೊಂಡಿತ್ತು.

ಮೂವತ್ತನಾಲ್ಕರ ಹೆರಾನ್ ಚೊಂಗ್ಜು ವಾಲಿಬಾಲ್ ತಂಡದ ನಾಯಕಿ, ಸೆಟ್ಟರ್. ಹೊಡೆಯುವವರ ಕೈಗೆ ಚೆಂಡು ಎತ್ತಿಕೊಡುವ ಕೆಲಸವನ್ನು ಅವಳು ಹದಿನೈದು ವರ್ಷದಿಂದ ಮಾಡುತ್ತ ಬಂದಿದ್ದಳು. ದಾಬಿಗೆ ಇಪ್ಪತ್ತೊಂದು. ಅವಳೂ ಸೆಟ್ಟರೇ. ಇಬ್ಬರೂ ತಂಡದ ವಸತಿಯಲ್ಲಿ ಒಂದೇ ಕೋಣೆಯಲ್ಲಿದ್ದರು.

ಈ ಸಲ ಚೊಂಗ್ಜು ತಂಡ ಗಾಂಗ್‌ನುಂಗ್ ತಂಡದಿಂದ ಒಬ್ಬ ದೊಡ್ಡ ಆಟಗಾರ್ತಿಯನ್ನು ಸೆಳೆದುಕೊಂಡಿತ್ತು. ಹಾಗೆ ಮಾಡಿದರೆ ಬದಲಿಗೆ ಒಬ್ಬಳನ್ನು ಬಿಟ್ಟುಕೊಡಬೇಕು. ಆರು ಜನರನ್ನು ಮಾತ್ರ ಮುಟ್ಟುವಂತಿಲ್ಲ ಎಂದು ಮೊದಲೇ ಬರೆದುಕೊಡಬಹುದು. ಉಳಿದವರಲ್ಲಿ ಯಾರನ್ನು ಬೇಕಾದರೂ ಗಾಂಗ್‌ನುಂಗ್‌ನವರು ಆರಿಸಿಕೊಳ್ಳಬಹುದು. ಹೋದ ವಾರ ಕೋಚ್ ಬಾಂಗ್ ಹೆರಾನ್‌ಳನ್ನು ಕೋಣೆಗೆ ಕರೆಸಿಕೊಂಡಿದ್ದರು. ಮೇಜಿನ ಮೇಲಿನ ಹಾಳೆಯಲ್ಲಿ ಐದು ಹೆಸರುಗಳಿದ್ದವು, ಆರನೆಯ ಸಾಲು ಖಾಲಿ ಇತ್ತು.

"ದಾಬಿ ಹೇಗೆ? ಐದನೇ ಸೆಟ್ಟಲ್ಲಿ, ಕೊನೇ ಗಳಿಗೇಲಿ ನಿಲ್ತಾಳಾ? ನೀನು ಜೊತೆಗಿರೋಳು, ನಿಂಗೆ ಗೊತ್ತಿರುತ್ತೆ."

ಆ ಹಾಳೆಯಲ್ಲಿ ತನ್ನ ಹೆಸರೂ ಇಲ್ಲ ಎನ್ನುವುದನ್ನು ಹೆರಾನ್ ಮೇಜಿನ ಈಚೆಯಿಂದ, ತಲೆಕೆಳಗಾದ ಅಕ್ಷರಗಳಲ್ಲೇ ಓದಿಕೊಂಡಿದ್ದಳು.

"ಒಳ್ಳೆ ಹುಡುಗಿ ಸರ್," ಅಂದಿದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರೆ ಅಂಕ ಹದಿಮೂರು-ಹದಿಮೂರು ಆಗ್ತಿದ್ದ ಹಾಗೆ ಕೈ ನಡುಗುತ್ತೆ."

ಅದು ಸುಳ್ಳಲ್ಲ. ಚಳಿಗಾಲದಲ್ಲಿ ಒಂದು ಆಟ ಸೋತು ಬಂದ ಮೇಲೆ, ಒಗೆದ ಬಟ್ಟೆ ಮಡಚುತ್ತ ದಾಬಿಯೇ ಅದನ್ನು ಹೇಳಿಕೊಂಡಿದ್ದಳು. "ಅಮ್ಮನಿಗೂ ಹೇಳಿಲ್ಲ ಅಕ್ಕ. ನಿಮಗೆ ಮಾತ್ರ," ಅಂದಿದ್ದಳು. "ನನ್ನ ಕೈ ಇವತ್ತಿಗೂ ನಡುಗುತ್ತೆ ಕಣೇ" ಎಂದು ಹೆರಾನ್ ಅವಳನ್ನು ಸಮಾಧಾನಪಡಿಸಿದ್ದಳು. ಕೋಚ್ ಎದುರು ತನ್ನ ಕೈಯ ಆ ಮಾತು ಅವಳ ಬಾಯಿಂದ ಬರಲಿಲ್ಲ. ಆರನೆಯ ಸಾಲಿಗೆ ದಾಬಿಯ ಹೆಸರು ಬೀಳಲಿಲ್ಲ, ಗಾಂಗ್‌ನುಂಗ್‌ನವರು ಅವಳನ್ನೇ ಆರಿಸಿಕೊಂಡರು.

ಹೆದ್ದಾರಿಯ ತಂಗುದಾಣದಲ್ಲಿ ದಾಬಿ ಓಡಿಹೋಗಿ ಅಕ್ರೋಟು ತುಂಬಿದ ಬಿಸಿ ಬಿಸಿ ಪುಟ್ಟ ಕೇಕುಗಳ ಪೊಟ್ಟಣ ತಂದಳು. ಇಬ್ಬರೂ ಕಾರಿಗೆ ಒರಗಿ ನಿಂತು ತಿಂದರು.

"ಅಕ್ಕ, ಒಂದು ಮಾತು. ನೀವು ಬಾಂಗ್ ಸರ್ ಕೋಣೇಲಿ ಅರ್ಧ ಗಂಟೆ ಇದ್ರಂತೆ. ಮ್ಯಾನೇಜರ್ ಹೇಳಿದ್ರು. ನನಗೋಸ್ಕರ ಅಂತ ಗೊತ್ತು."

ಹೆರಾನ್ ಕೈಯಲ್ಲಿದ್ದ ಕೇಕನ್ನು ಪೊಟ್ಟಣಕ್ಕೆ ವಾಪಸ್ಸು ಹಾಕಿದಳು. "ದಾಬಿ, ಅವತ್ತು ನಾನು..."

"ಬೇಡ ಬೇಡ, ಹೇಳಬೇಡಿ." ಹುಡುಗಿ ಇನ್ನೊಂದು ಕೇಕನ್ನು ಅವಳ ಬಾಯಿಗೇ ತುರುಕಿದಳು. "ನೀವು ಅತ್ರೆ ನಾನೂ ಅಳ್ತೀನಿ. ಆಮೇಲೆ ಕಣ್ಣು ಊದಿಸ್ಕೊಂಡು ಹೊಸ ಕೋಚ್ ಮುಂದೆ ನಿಲ್ಲಬೇಕು. ಇಲ್ಲೇ ಮುಗೀತು ಅಂತ ಅಂದ್ಕೊಳ್ಳಿ."

ಹೆರಾನ್ ಅಗಿದಳು. ತಪ್ಪಿಸಿಕೊಂಡೆ ಎಂಬ ನಿರಾಳ ಎದೆಯೊಳಗೆ ಸುಳಿಯಿತು. ಅದನ್ನು ಗುರುತಿಸಿದ ಕೂಡಲೇ ಕಿವಿಯವರೆಗೂ ಬಿಸಿಯೇರಿತು. ಉಳಿದ ದಾರಿಯಲ್ಲಿ ಸುರಂಗಗಳು ಒಂದರ ಹಿಂದೊಂದು ಬಂದವು. ದಾಬಿ ಬಾಯಿ ತೆರೆದುಕೊಂಡು ನಿದ್ದೆ ಹೋದಳು.

ಗಾಂಗ್‌ನುಂಗ್‌ನಲ್ಲಿ ಮಳೆ ಹನಿಯುತ್ತಿತ್ತು. ತಂಡದ ವಸತಿಯ ಗೇಟಿನಲ್ಲಿ "ಅಕ್ಕ, ಆ ಪೆಟ್ಟಿಗೆ ಭಾರ, ಅಕ್ಕ, ಬಿಡಿ ನಾನು ತರ್ತೀನಿ" ಎಂದು ದಾಬಿ ಗದ್ದಲ ಮಾಡಿದಳು. ಬಾಗಿಲಲ್ಲಿ ಸಹಾಯಕ ಕೋಚ್ ನಾಮ್ ಕಾದಿದ್ದರು. ಐವತ್ತು ದಾಟಿದ, ನಗುಮುಖದ ಹೆಂಗಸು.

"ಬಾ ಬಾ! ನಮ್ಮ ಸೆಟ್ಟರ್ ಆಟ ಬಿಟ್ಟು ಮದುವೆ ಆಗ್ತಿದ್ದಾಳೆ, ನೀನು ದೇವರು ಕೊಟ್ಟ ಹಾಗೆ ಬಂದೆ." ಅವರು ದಾಬಿಯ ಎರಡೂ ಅಂಗೈಗಳನ್ನು ಹಿಡಿದುಕೊಂಡರು. "ಇವೇನಾ ನಡುಗೋ ಕೈ? ಬಾಂಗ್ ಅವರು ಫೋನಲ್ಲಿ ಎಲ್ಲ ಹೇಳಿದ್ರು. ಹದಿಮೂರು-ಹದಿಮೂರರಲ್ಲಿ ನಡುಗುತ್ತಂತೆ? ತಲೆ ಕೆಡಿಸ್ಕೋಬೇಡ, ಸರಿಮಾಡೋಣ." ಆಮೇಲೆ ಹೆರಾನ್ ಕಡೆ ತಿರುಗಿದರು. "ನೀವೇ ಗಮನಿಸಿ ಹೇಳಿದ್ರಂತೆ. ಕಿರಿಯರನ್ನ ಇಷ್ಟು ಸೂಕ್ಷ್ಮವಾಗಿ ನೋಡೋ ನಾಯಕಿ ಎಷ್ಟು ಜನಕ್ಕೆ ಸಿಗ್ತಾರೆ?"

ಒಳಗೆ ಎಲ್ಲೋ ಚೆಂಡು ಪುಟಿಯುವ ಸದ್ದು. ದಾಬಿ ಹೆರಾನ್‌ಳನ್ನು ನೋಡಿದಳು. ಸಿಟ್ಟಿನಿಂದಲ್ಲ. ಲೆಕ್ಕ ಬಿಡಿಸುವ ಮಗುವಿನಂತೆ, ಹುಬ್ಬು ಸ್ವಲ್ಪ ಗಂಟಿಕ್ಕಿ ನೋಡಿದಳು. ಉತ್ತರ ಸಿಕ್ಕಿತು. ಹುಬ್ಬು ಸಡಿಲವಾಯಿತು.

ಅವಳು ಹೆರಾನ್‌ಳ ಕೈಯಲ್ಲಿದ್ದ ಕೊನೆಯ ಪೆಟ್ಟಿಗೆಯನ್ನು ತೆಗೆದುಕೊಂಡು ಕೆಳಗಿಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು, ಅಪರಿಚಿತರಿಗೆ ಮಾಡುವಂತೆ, ಸೊಂಟದಿಂದ ಬಾಗಿ ನಮಸ್ಕರಿಸಿದಳು.

"ಇಷ್ಟು ದಿನ ನೋಡಿಕೊಂಡಿದ್ದಕ್ಕೆ ವಂದನೆಗಳು. ಮಳೆ ಇದೆ, ನಿಧಾನವಾಗಿ ಹೋಗಿ ಬನ್ನಿ, ಕ್ಯಾಪ್ಟನ್."

ಮೂರು ವರ್ಷದಲ್ಲಿ ಅವಳು ಹಾಗೆ ಕರೆದದ್ದು ಅದೇ ಮೊದಲು. ಹೆರಾನ್ ಏನೋ ಹೇಳಲು ಬಾಯಿ ತೆರೆದಳು. "ಊಟ ಸರಿಯಾಗಿ ಮಾಡು" ಎಂಬುದಷ್ಟೇ ಹೊರಬಂತು. ದಾಬಿ ಚಪ್ಪಲಿ ಕಳಚಿ, ಒಳಕ್ಕೆ ಹೋಗಿ ಆಗಿತ್ತು.

ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು. "ಏ ಹುಡುಗಿ, ನಿಲ್ಲು ನಿಲ್ಲು!" ವಸತಿಯ ಅಡುಗೆ ಮಾಡುವ ಮುದುಕಿ ತಲೆಯ ಮೇಲೆ ತಟ್ಟೆ ಹಿಡಿದುಕೊಂಡು ಮಳೆಯಲ್ಲಿ ಓಡಿಬರುತ್ತಿದ್ದಳು. ಇನ್ನೊಂದು ಕೈಯಲ್ಲಿ ಕಾಗದದ ಚೀಲ.

"ಬೇಯಿಸಿದ ಆಲೂಗಡ್ಡೆ. ನಮ್ಮ ಕಡೇದು, ಹಿಟ್ಟಿನ ಹಾಗಿರುತ್ತೆ. ಅಷ್ಟು ದೂರದಿಂದ ಬಂದು ಒಂದು ಗುಟುಕು ನೀರೂ ಕುಡೀದೆ ಹೊರಟ್ಯಲ್ಲ." ಹೆರಾನ್‌ಳ ಮುಖ ನೋಡಿ ಮುದುಕಿಯ ದನಿ ತಗ್ಗಿತು. "ಅಳಬೇಡ ತಾಯಿ. ನಿನ್ನ ತಂಗಿಗೆ ನಾನು ಹೊಟ್ಟೆ ತುಂಬ ಹಾಕ್ತೀನಿ. ಗೇಟ್ ಹತ್ರ ಅಕ್ಕ ಅಕ್ಕ ಅಂತಿದ್ಲಲ್ಲ, ಒಡಹುಟ್ಟಿದವಳೇ ಅಲ್ವಾ ನೀನು?"

"ಹೌದು," ಅಂದಳು ಹೆರಾನ್.

ಎರಡೂ ಕೈಯಿಂದ ಚೀಲ ಇಸಿದುಕೊಂಡು, ಬಾಗಿ, ಕಾರೊಳಗೆ ಕೂತಳು. ಮುದುಕಿ ಹೋಗಲಿಲ್ಲ. ತಟ್ಟೆಯಡಿ ನಿಂತು ಕೈ ಬೀಸುತ್ತಲೇ ಇದ್ದಳು. ತೊಡೆಯ ಮೇಲಿನ ಚೀಲದಿಂದ ಹಬೆ ಎದ್ದು ಎದುರಿನ ಗಾಜು ಪೂರ್ತಿ ಮಬ್ಬಾಯಿತು. ಹೆರಾನ್ ಅದನ್ನು ಒರೆಸಲು ಹೋಗಲಿಲ್ಲ.