ನಮ್ಮಿಬ್ಬರಿಗೆ ಒಂದೇ ಸೀಟು

ಕುರ್ಚಿಗಳನ್ನು ಎಳೆಯುವ ಸದ್ದು, ಎತ್ತಿಡಬಾರದೇ ಈ ಅಟೆಂಡರು, ಮಕ್ಕಳು ದುಂಡಗೆ ಕೂರುತ್ತಿದ್ದಾರೆ, ಹೊಸ ಅಂಗಿಗಳ ಗಂಜಿವಾಸನೆ, ಎಂಬಿಎ ಪ್ರವೇಶದ ಗುಂಪುಚರ್ಚೆ, ಅಂಕ ಹಾಕುವವಳು ನಾನು — ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದವನ ಮಗಳು, ಅಪ್ಪ ಒಳಗೆ ಬಂದರೆ ಮನೆಯೆಲ್ಲ ಸೋಪಿನ ವಾಸನೆ, ಆ ವಾಸನೆಯಲ್ಲೇ ನಾನೂ ಗಿಣಿ ಅಕ್ಕನೂ ಓದಿದ್ದು, ಅಕ್ಕ ಎಂದರೆ ಅತ್ತೆಯ ಮಗಳು, ಬಾಯಿಗೆ ಬಿಡುವೇ ಇಲ್ಲದ್ದರಿಂದ ಗಿಣಿ, ಎಂಬಿಎ ಪ್ರವೇಶಪರೀಕ್ಷೆಗೆ ಇದ್ದ ಒಂದೇ ಗೈಡನ್ನು ನಡುವೆ ಹರಿದು ಲೆಕ್ಕ ಅವಳಿಗೆ, ಇಂಗ್ಲಿಷು ನನಗೆ, ವಾರಕ್ಕೊಮ್ಮೆ ಅದಲುಬದಲು, ಶೇಕಡಾವಾರು ನನ್ನ ತಲೆಗೆ ಹತ್ತದಿದ್ದರೆ ಬಿಸ್ಕತ್ತು ಮುರಿದು ಮುರಿದು ತೋರಿಸುತ್ತಿದ್ದಳು, ನನಗೆ ಅರ್ಥವಾಗುವಷ್ಟರಲ್ಲಿ ಬಿಸ್ಕತ್ತು ಅವಳ ಹೊಟ್ಟೆಯಲ್ಲಿ, ಅದೆಷ್ಟು ನಗುತ್ತಿದ್ದೆವು.

ಟ್ಯೂಷನ್ನಿನಲ್ಲಿ ಆ ಡಾಕ್ಟರ ಮಗ, ನಿಮಗೇನು ಬಿಡ್ರೇ, ಮೀಸಲಾತಿ ಇದೆ, ಆರಾಮಾಗಿ ಸಿಗುತ್ತೆ ಎಂದಿದ್ದ, ಅವನಿಗೊಬ್ಬನಿಗೇ ಒಂದು ಕೋಣೆ, ಮೇಷ್ಟ್ರು ಮನೆಗೇ ಬರುತ್ತಿದ್ದರು, ಅಕ್ಕ ಬಿಡುತ್ತಾಳೆಯೇ, ನಮ್ಮ ಸೀಟಿಗೆ ನೀನು ಬರೋ ಹಾಗಿಲ್ಲ ಕಣೋ, ಓಪನ್ ಸೀಟಿಗೆ ನಾವೂ ಬರಬಹುದು, ಹುಷಾರಾಗಿ ಓದು — ಅವನು ಪೆಚ್ಚಾದ, ಆದರೆ ನಾವೂ ಬರಲಾಗಲಿಲ್ಲ, ಓಪನ್ ಪಟ್ಟಿ ನಮ್ಮಿಬ್ಬರಿಗಿಂತ ಮೇಲೆಯೇ ಮುಗಿದುಹೋಯಿತು, ಆ ಕಾಲೇಜಿನಲ್ಲಿ ನಮ್ಮ ವರ್ಗಕ್ಕಿದ್ದದ್ದು ಒಂದೇ ಸೀಟು, ಗುಂಪುಚರ್ಚೆಗೆ ಕರೆದವರಲ್ಲಿ ಅದಕ್ಕಿದ್ದದ್ದು ನಾವಿಬ್ಬರೇ. ಆರಾಮವಂತೆ. ಅತ್ತೆ ಅಪ್ಪನೊಡನೆ ಅಳೆದು ತೂಗಿ ಮಾತಾಡತೊಡಗಿದಳು, ನಾವು ಗೈಡಿನ ಅರ್ಧಗಳನ್ನು ಬದಲಾಯಿಸಿಕೊಳ್ಳಲಿಲ್ಲ, ಒಂದೇ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ಹಾಕಿ ಓದಿದೆವು, ಅವಳು ತನ್ನ ಬಿಸ್ಕತ್ತನ್ನು ಸದ್ದಿಲ್ಲದೆ ತಿನ್ನುತ್ತಿದ್ದಳು. ಆದರೂ ಚರ್ಚೆಯ ದಿನ ಬೆಳಿಗ್ಗೆ ನನ್ನ ಜಡೆ ಹಾಕಿದವಳು ಅವಳೇ, ಬಿಗಿಯಾಗಿ, ನೋಯುವಷ್ಟು.

ಸೀಟು ನನಗಾಯಿತು. ಅವಳು ಬಿ.ಎಡ್ ಮಾಡಿ ಲೆಕ್ಕದ ಟೀಚರಾದಳು, ಮಕ್ಕಳಿಗೂ ಬಿಸ್ಕತ್ತು ಮುರಿದೇ ಹೇಳಿಕೊಡುತ್ತಾಳಂತೆ, ಆ ದಿನ ಚರ್ಚೆಯಲ್ಲಿ ಅಷ್ಟು ಚೆನ್ನಾಗಿ ಮಾತಾಡುತ್ತಿದ್ದವಳು ನಡುವೆ ಯಾಕೆ ನಿಲ್ಲಿಸಿಬಿಟ್ಟೆ ಎಂದು ಎಷ್ಟು ಸಲ ಕೇಳಿದ್ದೇನೆ, ಬಾಯಾರಿತ್ತು ಕಣೇ, ಅಷ್ಟೇ ಅನ್ನುತ್ತಾಳೆ — ಮೇಡಂ, ಶುರು ಮಾಡೋಣವೇ, ಹೂಂ, ಮಾಡಿ, ಆಗಲೇ ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಿದ್ದಾರೆ, ಮೂಲೆಯ ಹುಡುಗಿ ಬಾಯಿ ತೆರೆದಳು, ಮುಚ್ಚಿದಳು, ಹೀಗೇ ಅಲ್ಲವೇ ಅಂದು ನಾನು ಕೂತಿದ್ದದ್ದು, ನಾಲಿಗೆ ಅಂಟಿಕೊಂಡು, ಕಣ್ಣು ತುಂಬಿ, ಆಗ ಎದುರಿನಿಂದ ಎದ್ದ ಆ ಕೈ, ಪ್ರತಿ ವರ್ಷ ಈ ಕೋಣೆಯಲ್ಲಿ ನನ್ನ ಕಣ್ಣಿಗಷ್ಟೇ ಮತ್ತೆ ಏಳುವ ಕೈ, ಸ್ವಲ್ಪ ಇರಿ, ಅವಳು ಏನೋ ಹೇಳಬೇಕು ಅಂತಿದ್ದಾಳೆ, ಎಲ್ಲರೂ ಸುಮ್ಮನಾದರು, ಎಲ್ಲರ ನಡುವೆ ಗಿಣಿ ಅಕ್ಕನ ಅಂಗೈ, ಬೆವರಿ ಹೊಳೆಯುತ್ತಾ, ಕೆಳಗಿಳಿಯದೆ —